ಡಿಓ ಓದುತ್ತಾ ಕಣ್ಣಿನ ರೆಸಿಡೆನ್ಸಿ ಹಿಡಿಯುವುದು ಹೇಗೆ

ಅಮೆರಿಕದಲ್ಲಿ ಡಿಓ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ: "ಅಕ್ಕಾ, ನಮಗೆ ಆಫ್ತಾಲ್ಮಾಲಜಿ ಸಿಗುತ್ತಾ?" ಸಿಗುತ್ತದೆ. ನಾನೂ ಡಿಓನೇ, ಈಗ ಮಿಷಿಗನ್‌ನಲ್ಲಿ ಕಣ್ಣಿನ ರೆಸಿಡೆಂಟ್, ಅಂದರೆ ಪದವಿ ಮುಗಿಸಿ ಆಸ್ಪತ್ರೆಯಲ್ಲಿ ಕಣ್ಣಿನ ತಜ್ಞೆಯಾಗಲು ತರಬೇತಿ ಪಡೆಯುತ್ತಿರುವವಳು. (ಊರಿನಲ್ಲಿ ಡಿಓ ಅಂದರೆ ಕಣ್ಣಿನ ಡಿಪ್ಲೊಮಾ ಅಂದುಕೊಳ್ಳುತ್ತಾರೆ. ಇಲ್ಲಿ ಅದು ಆಸ್ಟಿಯೋಪಥಿಕ್ ವೈದ್ಯ ಪದವಿ, ಇಲ್ಲಿನ ಮೂಲ ವೈದ್ಯ ಪದವಿಯಾದ ಎಂಡಿಗೆ ಸಮ. ಅಜ್ಜಿಗೆ ಮೊದಲೇ ಹೇಳಿಬಿಡಿ.)

ನಮ್ಮ ತೊಂದರೆ ಪದವಿಯದ್ದಕ್ಕಿಂತ ಜಾಗದ್ದು. ಹೆಚ್ಚಿನ ಡಿಓ ಕಾಲೇಜುಗಳಿಗೆ ಸ್ವಂತ ಕಣ್ಣಿನ ವಿಭಾಗ ಇರುವುದಿಲ್ಲ. ಹಾಗಾಗಿ ಶಿಫಾರಸು ಪತ್ರ ಬರೆಯುವ ಪ್ರೊಫೆಸರ್ ಇಲ್ಲ, ಕೈಜೋಡಿಸಲು ರಿಸರ್ಚ್ ಇಲ್ಲ. ಆ ವಿಭಾಗವನ್ನು ನೀವೇ ಹುಡುಕಿಕೊಳ್ಳಬೇಕು, ಅದೂ ಮೊದಲ ವರ್ಷದಲ್ಲೇ.

ಹತ್ತಿರದ ಯೂನಿವರ್ಸಿಟಿಯ ಕಣ್ಣಿನ ವಿಭಾಗದ ಕೋಆರ್ಡಿನೇಟರ್‌ಗೆ ಒಂದು ಮೇಲ್ ಹಾಕಿ. "ಗ್ರ್ಯಾಂಡ್ ರೌಂಡ್ಸ್‌ಗೆ ಬಂದು ಕೂರಬಹುದೇ?" ಅಂತ ಮಾತ್ರ ಕೇಳಿ (ವಿಭಾಗದವರೆಲ್ಲ ಸೇರಿ ಕೇಸ್‌ಗಳನ್ನು ಚರ್ಚಿಸುವ ಸಭೆ ಅದು). ರಿಸರ್ಚ್ ಕೊಡಿ ಎಂದು ಮೊದಲ ಮೇಲ್‌ನಲ್ಲೇ ಬೇಡ. ಹೋಗಿ, ಹಿಂದಿನ ಸಾಲಿನಲ್ಲಿ ಕೂತು ಕೇಳಿ, ಮುಂದಿನ ಸಲವೂ ಹೋಗಿ. ಮುಖ ಪರಿಚಯ ಆದ ಮೇಲೆ ಪ್ರೊಫೆಸರ್‌ಗಿಂತ ಮೊದಲು ರೆಸಿಡೆಂಟ್‌ಗಳನ್ನು ಹಿಡಿಯಿರಿ. ಅರ್ಧಕ್ಕೆ ನಿಂತ ಕೇಸ್ ರಿಪೋರ್ಟ್ (ಒಬ್ಬ ಪೇಶಂಟ್ ಬಗ್ಗೆ ಬರೆಯುವ ಪುಟ್ಟ ಲೇಖನ) ಒಂದಾದರೂ ಇಲ್ಲದ ರೆಸಿಡೆಂಟನ್ನು ನಾನು ನೋಡಿಲ್ಲ. ಅದನ್ನು ಮುಗಿಸಿಕೊಡುವವರು ಸಿಕ್ಕರೆ ಅವರಿಗೂ ಖುಷಿ. ಅಲ್ಲಿಂದ ಸಮ್ಮೇಳನದಲ್ಲಿ ಒಂದು ಪೋಸ್ಟರ್, ಆಮೇಲೆ ನಿಮ್ಮನ್ನು ನಿಜವಾಗಿ ಬಲ್ಲ ಒಬ್ಬ ಪ್ರೊಫೆಸರ್.

ರಜೆಯಲ್ಲಿ ಬೆಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿ ನೋಡಿ ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಪೂರ್ತಿ ಬಲಿತ ಬಿಳಿ ಪೊರೆ ಇಲ್ಲಿಗಿಂತ ಅಲ್ಲಿ ಜಾಸ್ತಿ ಕಾಣಸಿಗುತ್ತದೆ. ಆದರೆ ಅರ್ಜಿಯ ಮೂರು ಪತ್ರಗಳಲ್ಲಿ ಎರಡಾದರೂ ಇಲ್ಲಿನ ಕಣ್ಣಿನ ಡಾಕ್ಟರ್‌ಗಳದ್ದೇ ಇರಲಿ.

ಪರೀಕ್ಷೆಯ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಡಿಓಗಳ ಲೈಸೆನ್ಸ್ ಪರೀಕ್ಷೆ ಕಾಮ್‌ಲೆಕ್ಸ್ ನಮಗೆ ಕಡ್ಡಾಯ. ಅದರ ಜೊತೆ ಎಂಡಿಗಳು ಬರೆಯುವ ಯುಎಸ್‌ಎಂಎಲ್‌ಇ ಕೂಡ ಬರೆಯಿರಿ, ವಾದ ಬೇಡ. 2022ರಿಂದ ಯುಎಸ್‌ಎಂಎಲ್‌ಇಯ ಮೊದಲ ಹಂತ ಸ್ಟೆಪ್ 1ಕ್ಕೆ ಪಾಸ್-ಫೇಲ್ ಅಷ್ಟೇ. ಹಾಗಾಗಿ ಎಲ್ಲರ ಕಣ್ಣು ಮುಂದಿನ ಹಂತ ಸ್ಟೆಪ್ 2 ಸಿಕೆ ಅಂಕದ ಮೇಲೆ. ಅರ್ಜಿ ಹಾಕುವ ಹೊತ್ತಿಗೆ ಅದು ಕೈಯಲ್ಲಿರಬೇಕು.

2020ರಲ್ಲಿ ಡಿಓ, ಎಂಡಿ ರೆಸಿಡೆನ್ಸಿಗಳೆಲ್ಲ ಎಸಿಜಿಎಂಇ (ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಅಡಿಯಲ್ಲಿ ಒಂದಾದವು. ನಮಗೇ ಅಂತ ಮೀಸಲಿದ್ದ ಸೀಟುಗಳ ಕಾಲ ಮುಗಿಯಿತು. ಈಗ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಅದಕ್ಕೇ ಪ್ರತಿ ಪ್ರೋಗ್ರಾಂನ ವೆಬ್‌ಸೈಟ್‌ನಲ್ಲಿ ಈಗಿನ ರೆಸಿಡೆಂಟ್‌ಗಳ ಪುಟ ತೆರೆಯಿರಿ. ಹೆಸರಿನ ಮುಂದೆ ಡಿಓ ಎಂದು ಒಬ್ಬರಾದರೂ ಇದ್ದರೆ ಪಟ್ಟಿಯ ಮೇಲೆ ಬರೆದುಕೊಳ್ಳಿ. ಅವೇ ರೊಟೇಶನ್‌ಗೆ (ವಿದ್ಯಾರ್ಥಿಯಾಗಿ ಕೆಲವು ವಾರ ಅಲ್ಲಿ ಕೆಲಸ ಮಾಡುವುದಕ್ಕೆ) ಕೇಳಬೇಕಾದ ಜಾಗಗಳು. ಸಿಗ್ನಲ್‌ಗಳನ್ನೂ (ಈ ಪ್ರೋಗ್ರಾಂ ನನಗೆ ವಿಶೇಷವಾಗಿ ಬೇಕು ಎಂದು ಅರ್ಜಿಯಲ್ಲಿ ತೋರಿಸುವ ಕೆಲವೇ ಗುರುತುಗಳು) ಅಲ್ಲೇ ಖರ್ಚು ಮಾಡಿ. ಹೆಸರು ದೊಡ್ಡದು ಅಂತ ಸುಮ್ನೆ ಕಳಿಸಬೇಡಿ.

ಹೊರಗಿನ ರೊಟೇಶನ್‌ನಲ್ಲಿ ನಿಮ್ಮನ್ನು ಅಳೆಯುವುದು ಚಿಕ್ಕ ಕೆಲಸಗಳಲ್ಲಿ. ದೃಷ್ಟಿ, ಪಾಪೆ, ಕಣ್ಣಿನೊಳಗಿನ ಒತ್ತಡ: ಈ ಮೂರನ್ನು ಬರೆಯದೆ ಪೇಶಂಟ್ ಬಗ್ಗೆ ಬಾಯಿ ಬಿಡಬೇಡಿ. ಪಾಪೆ ಅಗಲಿಸುವ ಡ್ರಾಪ್ಸ್ ಹಾಕುವ ಮೊದಲೇ ಪಾಪೆ ನೋಡಿ. ಹಾಕಿದ ಮೇಲೆ ಕೆಲವು ಗಂಟೆ ಅದು ಏನೂ ಹೇಳುವುದಿಲ್ಲ, ಸೀನಿಯರ್ ಮಾತ್ರ ಬೇಕಾದಷ್ಟು ಹೇಳುತ್ತಾರೆ! 20 ಡಿ ಲೆನ್ಸ್ (ರೆಟಿನಾ ನೋಡಲು ಕೈಯಲ್ಲಿ ಹಿಡಿಯುವ ಲೆನ್ಸ್) ಹಿಡಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಅದರಲ್ಲಿ ರೆಟಿನಾ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಚಿತ್ರ ಬರೆಯುವಾಗ ಹಾಳೆಯನ್ನೇ ತಲೆಕೆಳಗಾಗಿ ಇಟ್ಟುಕೊಳ್ಳಿ, ಕಂಡ ಹಾಗೆ ಬರೆದರೆ ಸಾಕು, ಎಲ್ಲ ತಾನಾಗಿ ಸರಿಯಾಗುತ್ತದೆ. ಟೆಕ್ನೀಶಿಯನ್‌ಗಳ ಜೊತೆ ಚೆನ್ನಾಗಿರಿ. ನೀವು ಹೋದ ಮೇಲೆ ಡಾಕ್ಟರ್‌ಗಳು ಅವರನ್ನೂ ಕೇಳುತ್ತಾರೆ.

ಇಂಟರ್‌ವ್ಯೂನಲ್ಲಿ "ಡಿಓ ಯಾಕೆ?" ಎಂದು ಕೇಳಿಯೇ ಕೇಳುತ್ತಾರೆ. ಎರಡು ವಾಕ್ಯದಲ್ಲಿ ಮುಗಿಸಿ. ಕ್ಷಮೆ ಕೇಳುವ ದನಿ ಬೇಡ, ಭಾಷಣವೂ ಬೇಡ.

ಈಗ ಕ್ಯಾಲೆಂಡರ್. ಅರ್ಜಿ ಹಾಕಿದವರನ್ನು ರೆಸಿಡೆನ್ಸಿ ಸೀಟುಗಳಿಗೆ ಹೊಂದಿಸುವುದಕ್ಕೆ ಮ್ಯಾಚ್ ಅನ್ನುತ್ತಾರೆ, ಕಣ್ಣಿಗೆ ಎಸ್‌ಎಫ್ ಮ್ಯಾಚ್ ಎಂಬ ಬೇರೆ ವ್ಯವಸ್ಥೆ ಇದೆ. ಅರ್ಜಿ ಬೇಸಿಗೆ ಕೊನೆಗೆ ಹೋಗಬೇಕು, ಫಲಿತಾಂಶ ಫೆಬ್ರವರಿಯಲ್ಲಿ. ವರ್ಷಕ್ಕೆ ಸೀಟು ಸುಮಾರು 500, ದೇಶಕ್ಕೆಲ್ಲ ಸೇರಿ. ಬೇರೆ ವಿಭಾಗ ಹಿಡಿಯುವ ಗೆಳೆಯರ ಎನ್‌ಆರ್‌ಎಂಪಿ ಮ್ಯಾಚ್ ಮಾರ್ಚ್‌ನಲ್ಲಿ. ಅಷ್ಟರಲ್ಲಿ ನಿಮ್ಮದು ಗೊತ್ತಾಗಿರುತ್ತದೆ, ಸಿಕ್ಕರೂ, ಸಿಗದಿದ್ದರೂ. ಸಿಗದಿದ್ದರೆ ಉಳಿಯುವುದು ಕೆಲವೇ ವಾರ, ಆಗ ಹೊಸದಾಗಿ ಓಡಾಡಿ ಪ್ರಯೋಜನವಿಲ್ಲ. ಆದ್ದರಿಂದ ಸೆಪ್ಟೆಂಬರ್‌ನಲ್ಲೇ ಇರಾಸ್‌ನಲ್ಲೂ (ಆ ಮ್ಯಾಚ್‌ಗೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ) ಅರ್ಜಿ ಹಾಕಿ ಇಂಟರ್‌ವ್ಯೂ ಕೊಟ್ಟಿರಿ: ಹಲವು ವಿಭಾಗಗಳಲ್ಲಿ ಸುತ್ತಿ ಕಲಿಯುವ ಒಂದು ವರ್ಷದ ಟ್ರಾನ್ಸಿಷನಲ್ ಇಯರ್‌ಗೆ, ಅಥವಾ ಮನಸ್ಸು ಒಪ್ಪುವ ಇನ್ನೊಂದು ವಿಭಾಗಕ್ಕೆ. ಕಣ್ಣಿನ ಸೀಟು ಸಿಕ್ಕಿತು ಅಂದರೆ ಅದರ ಖರ್ಚು ದಂಡ, ಅಷ್ಟೇ.