ಮೊದಲ ಕೆಲಸ ಹುಡುಕುವ ಬಡ ಯುವಜನರಿಗೆ ನೆರವಾಗುವುದು ಹೇಗೆ?

ಅರ್ಜಿ ಹಾಕಿಸುವ ಮುಂಚೆ ದಾಖಲೆ ನೋಡಿ. ಗುರುತಿನ ಚೀಟಿ, ಅಂಕಪಟ್ಟಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಥರ ಇರಬೇಕು; ಒಂದಕ್ಷರ ಹೆಚ್ಚುಕಮ್ಮಿಯಾದರೂ ಸಂಬಳ ತಡವಾಗಬಹುದು.

ರೆಸ್ಯೂಮೆ ಒಂದೇ ಪುಟ ಸಾಕು. ‘ನನಗೆ ಅನುಭವವೇ ಇಲ್ಲ’ ಎನ್ನುವವರನ್ನು ಕೂರಿಸಿಕೊಂಡು ವಿಚಾರಿಸಿ: ಅಂಗಡಿಯಲ್ಲಿ ಗಲ್ಲಾ ನೋಡಿಕೊಂಡಿದ್ದಾರಾ, ಚಿಕ್ಕ ಮಕ್ಕಳಿಗೆ ಪಾಠ ಹೇಳಿದ್ದಾರಾ? ಅದೂ ಅನುಭವವೇ. ಬರೀ ‘ಅಂಗಡಿ ಕೆಲಸ’ ಎಂದು ಬಿಡದೆ, ‘ದಿನದ ನಗದು ಲೆಕ್ಕ ತಾಳೆ ಹಾಕುತ್ತಿದ್ದೆ’ ಎಂದು ಬರೆಸಿ.

ಸಂದರ್ಶನದ ಅಭ್ಯಾಸ ಕನಿಷ್ಠ 2 ಸಲ ಮಾಡಿಸಿ, ಒಮ್ಮೆ ಫೋನಿನಲ್ಲೇ. ಅಪರಿಚಿತ ನಂಬರ್ ಎಂದು ಕರೆ ಎತ್ತದೆ ಅವಕಾಶ ಕಳೆದುಕೊಳ್ಳುವವರಿದ್ದಾರೆ.

ಕೆಲಸ ಕೊಡಿಸಲು ಮುಂಗಡ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೂ ದಯವಿಟ್ಟು ಕಳಿಸಬೇಡಿ, ಓಡಾಟದ ಖರ್ಚಿಗೇ ಒದ್ದಾಡುವ ಮನೆಗೆ ಅದು ಹೊರೆ. ಕೆಲಸ ಸಿಕ್ಕವರಿಗೂ ಮೊದಲ ಸಂಬಳ ಕೈಸೇರುವ ತನಕ ಊಟ, ಪ್ರಯಾಣದ ಖರ್ಚಿಗೆ ದಾರಿ ಮಾಡಿಕೊಡಿ. ಎಷ್ಟೋ ಜನ ಕೆಲಸ ಬಿಡುವುದು ಆ ಮೊದಲ ತಿಂಗಳಲ್ಲೇ.