ರಾಸ್ಪ್‌ಬೆರಿ ಪೈ ಬೋರ್ಡನ್ನು ಪೆನ್‌ಡ್ರೈವ್ ಮಾಡಿಕೊಂಡಿದ್ದು: ನನ್ನ ಅನುಭವ

ನನ್ನ ಅತ್ತಿಗೆಗೆ ಬ್ಲೌಸ್ ಹೊಲಿಯುವ ಅಂಗಡಿ ಇದೆ. ಕೆಳಗೆ ಅಂಗಡಿ, ಮೇಲೆ ಮನೆ. ಡಿಸೈನ್ ತಯಾರಾಗುವುದು ಮನೆಯ ಲ್ಯಾಪ್‌ಟಾಪ್‌ನಲ್ಲಿ, ಹೊಲಿಯುವುದು ಕೆಳಗಿರುವ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್‌ನಲ್ಲಿ. ಮೆಷಿನ್‌ಗೆ ವೈಫೈ ಇಲ್ಲ, ಇರುವುದು ಯುಎಸ್‌ಬಿ ಪೋರ್ಟ್ ಮಾತ್ರ. ಮದುವೆ ಸೀಸನ್ ಬಂತೆಂದರೆ ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಇಳಿಯುವುದೇ ಒಂದು ಕೆಲಸ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಲಿನಕ್ಸ್ ಕಂಪ್ಯೂಟರ್ ಬೋರ್ಡ್ ಒಂದನ್ನು ಮೆಷಿನ್‌ಗೆ ಸಿಕ್ಕಿಸಿ, ಅದೇ ಪೆನ್‌ಡ್ರೈವ್ ಎಂದು ಮೆಷಿನ್ ನಂಬುವ ಹಾಗೆ ಮಾಡಬೇಕು ಅಂತ ಕೂತೆ.

ಇದಕ್ಕೆ ಯಾವುದೋ ಒಂದು ಬೋರ್ಡ್ ಸಾಲದು, ಸರಿಯಾದದ್ದನ್ನೇ ಆರಿಸಬೇಕು. ಯುಎಸ್‌ಬಿಯಲ್ಲಿ ಒಂದು ಕಡೆ ಹೋಸ್ಟ್ (ನಡೆಸುವ ಯಂತ್ರ), ಇನ್ನೊಂದು ಕಡೆ ಡಿವೈಸ್ (ಅದಕ್ಕೆ ಸಿಕ್ಕಿಸುವ ಸಾಧನ) ಇರಲೇಬೇಕು. ನಮ್ಮ ಬೋರ್ಡ್ ಡಿವೈಸ್ ಆಗಬೇಕು. ರಾಸ್ಪ್‌ಬೆರಿ ಪೈ 3ಬಿ ಬೋರ್ಡಿನಲ್ಲಿ ಪೋರ್ಟ್‌ಗಳೆಲ್ಲ ಒಂದು ಹಬ್ ಚಿಪ್ (ಒಂದು ಪೋರ್ಟನ್ನು ಹಲವಾಗಿ ಹಂಚುವ ಚಿಪ್) ಮೂಲಕ ಬರುತ್ತವೆ, ಹಾಗಾಗಿ ಅದು ಹೋಸ್ಟ್ ಆಗಿಯೇ ಉಳಿಯುತ್ತದೆ. ಪೈ ಝೀರೋದಲ್ಲಿ ಚಿಪ್‌ನ ಯುಎಸ್‌ಬಿ ನೇರವಾಗಿ ಪೋರ್ಟ್‌ಗೆ ಬರುತ್ತದೆ. ಪೈ 4ರಲ್ಲಿ ಟೈಪ್-ಸಿ ಪೋರ್ಟ್‌ನಿಂದ ಈ ಕೆಲಸ ಆಗುತ್ತದೆ. ನಾನು ತೆಗೆದುಕೊಂಡಿದ್ದು 2021ರಲ್ಲಿ ಬಂದ ಝೀರೋ 2 ಡಬ್ಲ್ಯೂ. ಚಿಕ್ಕದು, ವೈಫೈ ಇದೆ, ಸಾಕು.

ಕಾನ್ಫಿಗ್ ಫೈಲ್‌ನಲ್ಲಿ ಡಿಡಬ್ಲ್ಯೂಸಿ2 ಓವರ್‌ಲೇ (ಯುಎಸ್‌ಬಿ ಡ್ರೈವರ್ ಆರಿಸುವ ಸಾಲು) ಹಾಕಿ, ಮೋಡ್ ಜಾಗದಲ್ಲಿ ಪೆರಿಫೆರಲ್, ಅಂದರೆ ಡಿವೈಸ್, ಎಂದು ಬರೆದೆ. ರಾಸ್ಪ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಿಂದ ಈ ಫೈಲ್ ಇರುವುದು ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರ್‌ನಲ್ಲಿ. ಈ ಸಾಲನ್ನು ಕೊನೆಯ 'ಆಲ್' ವಿಭಾಗದ ಕೆಳಗೇ ಹಾಕಿ. ಮೇಲಿನ ವಿಭಾಗಗಳು ಬೇರೆ ಬೋರ್ಡ್‌ಗಳಿಗೆ ಸೇರಿದವು, ಅಲ್ಲಿ ಬರೆದರೆ ನಮ್ಮ ಬೋರ್ಡ್ ಅದನ್ನು ಓದುವುದೇ ಇಲ್ಲ.

ಇನ್ನು ಡ್ರೈವ್. ಎಸ್‌ಡಿ ಕಾರ್ಡ್‌ನಲ್ಲಿರುವ ಒಂದು ದೊಡ್ಡ ಫೈಲೇ ಡ್ರೈವ್, ಅದನ್ನು ಇಮೇಜ್ ಫೈಲ್ ಅನ್ನುತ್ತಾರೆ. ನಾನು 256 ಎಂಬಿ ಇಟ್ಟೆ. ಇಷ್ಟೇನಾ ಅನ್ನಬೇಡಿ. ಎಂಬ್ರಾಯ್ಡರಿ ಮೆಷಿನ್ ಓದುವ ಡಿಎಸ್‌ಟಿ ಡಿಸೈನ್ ಫೈಲ್‌ನಲ್ಲಿ ಒಂದು ಹೊಲಿಗೆಗೆ 3 ಬೈಟ್, ಮೇಲೊಂದು 512 ಬೈಟ್‌ನ ಹೆಡರ್. 20,000 ಹೊಲಿಗೆಯ ಡಿಸೈನ್ ಕೂಡ ಸುಮಾರು 60 ಕೆಬಿ ಅಷ್ಟೇ. ಫೈಲ್ ಒಳಗೆ ಮೊದಲು ಪಾರ್ಟಿಶನ್ ಟೇಬಲ್ (ಡ್ರೈವ್‌ನ ಭಾಗಗಳ ಪಟ್ಟಿ) ಬರೆದು, ಆಮೇಲೆ ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾದ ಎಫ್‌ಎಟಿ32 ಫಾರ್ಮ್ಯಾಟ್ ಮಾಡಿದೆ. ಟೇಬಲ್ ಇಲ್ಲದಿದ್ದರೂ ವಿಂಡೋಸ್ ಸುಮ್ನೆ ತೆರೆಯುತ್ತದೆ. ಆದರೆ ಕೆಲವು ಮೆಷಿನ್, ಟಿವಿಗಳು ತೆರೆಯುವುದಿಲ್ಲ.

ಒಂದೇ ಸಾಲಿನಲ್ಲಿ ಮುಗಿಯಬೇಕು ಅನ್ನುವವರಿಗೆ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಸೇರಿಸುವ ಜಿ ಮಾಸ್ ಸ್ಟೋರೇಜ್ ಎಂಬ ಮಾಡ್ಯೂಲ್ ಇದೆ. ಪ್ರಯೋಗಕ್ಕೆ ಅದು ಚೆನ್ನಾಗಿದೆ. ದಿನಾ ಬಳಸಲು ನಾನು ಕಾನ್ಫಿಗ್‌ಎಫ್‌ಎಸ್ (ಫೋಲ್ಡರ್, ಫೈಲ್‌ಗಳ ಮೂಲಕ ಕರ್ನಲ್‌ಗೆ ಸೆಟ್ಟಿಂಗ್ ಹೇಳುವ) ದಾರಿ ಹಿಡಿದೆ. ಅಲ್ಲಿ ಗ್ಯಾಜೆಟ್‌ಗೆ (ಪೈ ನಟಿಸುವ ಸಾಧನಕ್ಕೆ) ಒಂದು ಫೋಲ್ಡರ್ ಮಾಡಿ, ಅದರಲ್ಲಿ ಮಾಸ್ ಸ್ಟೋರೇಜ್ ಫಂಕ್ಷನ್ ಸೇರಿಸಿ, ನಮ್ಮ ಇಮೇಜ್ ಫೈಲ್‌ನ ಹೆಸರು ಕೊಟ್ಟು, ಕೊನೆಗೆ ಯುಡಿಸಿ ಫೈಲ್‌ಗೆ ಪೈನ ಯುಎಸ್‌ಬಿ ಡಿವೈಸ್ ಕಂಟ್ರೋಲರ್‌ನ ಹೆಸರು ಬರೆದರೆ ಡ್ರೈವ್ ಎದ್ದು ನಿಲ್ಲುತ್ತದೆ. ಜೊತೆಗೆ ನೆಟ್‌ವರ್ಕ್, ಸೀರಿಯಲ್ ಫಂಕ್ಷನ್‌ಗಳನ್ನೂ ಸೇರಿಸಬಹುದು. ನಾನು ಸೇರಿಸಲಿಲ್ಲ. ಎಂಬ್ರಾಯ್ಡರಿ ಮೆಷಿನ್‌ಗೆ ಗೊತ್ತಿರುವುದು ಪೆನ್‌ಡ್ರೈವ್ ಒಂದೇ, ಅದರ ತಲೆ ಕೆಡಿಸುವುದು ಯಾಕೆ?

ಇಲ್ಲಿಯವರೆಗೆ ಕೆಲಸ ಸಲೀಸು. ನಿಜವಾಗಿ ಯೋಚನೆ ಬೇಕಾಗಿದ್ದು ಒಂದು ಪ್ರಶ್ನೆಗೆ: ಈ ಕ್ಷಣ ಡ್ರೈವ್ ಯಾರ ಕೈಯಲ್ಲಿದೆ? ಇದು ನೆಟ್‌ವರ್ಕ್ ಫೋಲ್ಡರ್ ಅಲ್ಲ. ಮೆಷಿನ್‌ಗೆ ಕಾಣುವುದು ಫೈಲ್‌ಗಳಲ್ಲ, ಬರೀ ಬ್ಲಾಕ್‌ಗಳು, ಅಂದರೆ ಡೇಟಾದ ತುಂಡುಗಳು. ಓದಿದ್ದನ್ನು ಅದು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಈ ಕಡೆ ಪೈ ಅದೇ ಇಮೇಜ್‌ಗೆ ಹೊಸ ಫೈಲ್ ಹಾಕಿದರೆ ಮೆಷಿನ್‌ಗೆ ತಿಳಿಯುವುದೇ ಇಲ್ಲ. ಎರಡೂ ಕಡೆಯಿಂದ ಬರೆದರಂತೂ ಕಥೆ ಮುಗಿಯಿತು. ಒಬ್ಬರನ್ನೊಬ್ಬರು ನೋಡದ ಇಬ್ಬರು ಗುಮಾಸ್ತರು ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದ ಹಾಗೆ, ಯಾವ ಫೈಲ್ ಎಲ್ಲಿದೆ ಎಂದು ಹೇಳುವ ಎಫ್‌ಎಟಿ ಟೇಬಲ್ ಪೂರ್ತಿ ಕಲಸಿಹೋಗುತ್ತದೆ.

ನಾನು ಮಾಡಿಕೊಂಡ ಏರ್ಪಾಡು ಹೀಗಿದೆ. ಮೆಷಿನ್ ಓದಿದರೆ ಸಾಕು, ಅದು ಬರೆಯುವ ಅಗತ್ಯ ಇಲ್ಲ. ಆದ್ದರಿಂದ ಡ್ರೈವನ್ನು ರೀಡ್-ಓನ್ಲಿ ಮಾಡಿದೆ. ಇದನ್ನು ಇಮೇಜ್ ಹೆಸರು ಕೊಡುವ ಮೊದಲೇ ಮಾಡಬೇಕು, ಫೈಲ್ ತೆರೆದ ಮೇಲೆ ಕರ್ನಲ್ ಬದಲಿಸಲು ಬಿಡುವುದಿಲ್ಲ. ಲ್ಯಾಪ್‌ಟಾಪ್‌ನಿಂದ ಬರುವ ಡಿಸೈನ್‌ಗಳು ಪೈ ಒಳಗಿನ ಒಂದು ಸಾಂಬಾ ಫೋಲ್ಡರ್‌ಗೆ (ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್) ಬೀಳುತ್ತವೆ. ಇಮೇಜ್ ಫೈಲ್ ಎರಡು ಇಟ್ಟಿದ್ದೇನೆ. ಮೆಷಿನ್ ಒಂದನ್ನು ಓದುತ್ತಿರುವಾಗ ಪೈ ಇನ್ನೊಂದನ್ನು ಮೌಂಟ್ ಮಾಡಿ (ಫೋಲ್ಡರಿನಂತೆ ತೆರೆದು), ಡಿಸೈನ್ ತುಂಬಿ, ಅನ್‌ಮೌಂಟ್ ಮಾಡಿ ಸಿದ್ಧವಾಗಿಡುತ್ತದೆ. ಆಮೇಲೆ ಯುಡಿಸಿಯಿಂದ ಬಿಡಿಸಿ, ಇಮೇಜ್ ಹೆಸರು ಬದಲಿಸಿ, ಮತ್ತೆ ಸೇರಿಸುವುದು. ಮೆಷಿನ್‌ಗೆ ಅದು ಪೆನ್‌ಡ್ರೈವ್ ಕಿತ್ತು ಮತ್ತೆ ಹಾಕಿದ ಹಾಗೆಯೇ ಕಾಣುತ್ತದೆ. ಬರೀ ಇಮೇಜ್ ಮಾತ್ರ ಬದಲಿಸಿದರೂ ನಿಯಮದ ಪ್ರಕಾರ ಹೋಸ್ಟ್ ಗಮನಿಸಬೇಕು. ಆದರೆ ಇಂಥ ಮೆಷಿನ್‌ಗಳ ಮೇಲೆ ಅಷ್ಟು ಭರವಸೆ ಇಡಬೇಡಿ.

ಈ ಬದಲಾವಣೆ ತಾನಾಗಿಯೇ ಆಗುವಂತೆ ಮಾಡಬಹುದಿತ್ತು. ಬೇಡ ಅನ್ನಿಸಿತು. ಮೆಷಿನ್ ಡಿಸೈನ್ ಓದುತ್ತಿರುವಾಗಲೇ ಡ್ರೈವ್ ಮಾಯವಾದರೆ ಹಾಳಾಗುವುದು ಗಿರಾಕಿಯ ರೇಷ್ಮೆ ಬಟ್ಟೆ, ಅಲ್ವಾ? ಅದಕ್ಕೇ ಪೈ ಬೋರ್ಡಿನ ಜಿಪಿಐಒ ಪಿನ್‌ಗೆ (ಬಟನ್, ದೀಪದಂಥವನ್ನು ಜೋಡಿಸುವ ಪಿನ್) ಒಂದು ಬಟನ್ ಕೂರಿಸಿದೆ. ಮೆಷಿನ್ ಖಾಲಿ ಇದ್ದಾಗ ಅತ್ತಿಗೆಯೇ ಒತ್ತುತ್ತಾರೆ. ಮೆಷಿನ್ ಏನು ಮಾಡುತ್ತಿದೆ ಅಂತ ಅದರ ಮುಂದೆ ಕೂತವರಿಗೆ ಗೊತ್ತಿರುವಷ್ಟು ನನ್ನ ಸ್ಕ್ರಿಪ್ಟ್‌ಗೆ ಗೊತ್ತಿಲ್ಲ.

ಕರೆಂಟ್ ಬಗ್ಗೆಯೂ ಹೇಳಬೇಕು. ಯುಎಸ್‌ಬಿ 2ರ ಪೋರ್ಟ್ ಕೊಡುವುದು 500 ಮಿಲಿಆಂಪ್. ಬೂಟ್ ಆಗುವಾಗ, ವೈಫೈ ಜೋರಾಗಿ ಓಡುವಾಗ ಝೀರೋ 2 ಡಬ್ಲ್ಯೂಗೆ ಅದು ಸಾಲದೆ ಹೋಗಬಹುದು. ಪವರ್ ಪೋರ್ಟ್‌ಗೆ ಬೇರೆ ಅಡಾಪ್ಟರ್ ಕೊಟ್ಟೆ. ಝೀರೋದಲ್ಲಿ ಎರಡೂ ಪೋರ್ಟ್‌ಗಳ 5 ವೋಲ್ಟ್ ಒಂದೇ ಲೈನ್. ಹಾಗಾಗಿ ಅಡಾಪ್ಟರ್‌ನ ಕರೆಂಟ್ ಮೆಷಿನ್ ಒಳಗೆ ನುಗ್ಗದಂತೆ ಡೇಟಾ ಕೇಬಲ್‌ನ ಕೆಂಪು ವೈರ್ ಕತ್ತರಿಸಿದೆ. ಇನ್ನೊಂದು ಅನುಕೂಲ: ಮೆಷಿನ್ ಆನ್ ಆಗುವ ಹೊತ್ತಿಗೆ ಪೈ ಆಗಲೇ ಎದ್ದು ಕೂತಿರುತ್ತದೆ, ಬೂಟ್ ಆಗಲಿ ಅಂತ ಕಾಯಬೇಕಾಗಿಲ್ಲ.

ಆಸಿಲೋಸ್ಕೋಪ್‌ನಂಥ ಉಪಕರಣ ಚಿತ್ರಗಳನ್ನು ಡ್ರೈವ್‌ಗೆ ಬರೆಯುತ್ತದೆ. ಅಲ್ಲಿ ರೀಡ್-ಓನ್ಲಿ ನಡೆಯುವುದಿಲ್ಲ, ನನ್ನ ಕ್ರಮವನ್ನು ತಿರುಗಿಸಬೇಕು. ಬರೆಯುವ ಹಕ್ಕು ಉಪಕರಣಕ್ಕೆ ಮಾತ್ರ ಇರಲಿ. ಅದು ಬರೆದು ಮುಗಿಸಿದ ಮೇಲೆ ಯುಡಿಸಿ ಬಿಡಿಸಿ, ಇಮೇಜನ್ನು ಪೈನಲ್ಲಿ ರೀಡ್-ಓನ್ಲಿ ಆಗಿ ಮೌಂಟ್ ಮಾಡಿ, ಫೈಲ್ ಕಾಪಿ ಮಾಡಿಕೊಂಡು, ಅನ್‌ಮೌಂಟ್ ಆದಮೇಲೆ ಮತ್ತೆ ಸೇರಿಸಿ.