ತೀರ್ಥ ಹಿಡಿಯುವ ಕೈ, ರೊಟ್ಟಿ ತಟ್ಟುವ ಕೈ

ಕೊಡಗಿನ ಗೋಣಿಕೊಪ್ಪದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರದ ಪಾಠ ಶುರು ಮಾಡಿದ ವರ್ಷ ಹದಿನೆಂಟು ಸಾವಿರದಷ್ಟು ಸುರಿದು ಪ್ಲಾಸ್ಟಿಕ್ ಅಸ್ಥಿಪಂಜರ ತರಿಸಿದೆ. ಮೊಣಕೈ ಚೆನ್ನಾಗಿಯೇ ಮಡಚುತ್ತಿತ್ತು. ಮುಂದೋಳಿನ ಎರಡು ಮೂಳೆಗಳನ್ನು ಮಾತ್ರ ತಂತಿಯಿಂದ ಬಿಗಿದುಬಿಟ್ಟಿದ್ದರು. ಹೆಬ್ಬೆರಳ ಕಡೆಯ ಮೂಳೆ ರೇಡಿಯಸ್, ಕಿರುಬೆರಳ ಕಡೆಯ ಅಲ್ನಾವನ್ನು ದಾಟದಿದ್ದರೆ ಪ್ರೊನೇಶನ್, ಅಂದರೆ ಅಂಗೈ ಕೆಳಮುಖವಾಗಿ ತಿರುಗುವುದನ್ನು ತೋರಿಸುವುದು ಹೇಗೆ? ಮೂರು-ನಾಲ್ಕು ಸಾವಿರದ ಚಾರ್ಟುಗಳಿಗೆ ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಮಳೆಯಲ್ಲಿ ಬೂಷ್ಟು ಹಿಡಿಯಿತು.

ಆ ವರ್ಷ ಇಪ್ಪತ್ತೆರಡು ಜನರಲ್ಲಿ ಚಲನೆಯ ಪದಗಳನ್ನು ಸರಿಯಾಗಿ ಹೇಳಿದವರು ಆರೋ ಏಳೋ ಮಂದಿ. ಮಂಡಿ ಹಿಂದಕ್ಕೆ ಮಡಚುವುದನ್ನು ಫ್ಲೆಕ್ಷನ್ ಎನ್ನದೆ, ಚಾಚುವುದಕ್ಕೆ ಹೇಳುವ ಎಕ್ಸ್‌ಟೆನ್ಶನ್ ಎಂದರು. ಎದುರಿಗೆ ನಿಂತವನ ಎಡಗೈಯನ್ನು ಬಲಗೈ ಎಂದು ಬರೆದರು. ಅಬ್ಡಕ್ಷನ್, ಅಡಕ್ಷನ್ ಎರಡೂ ಅವರ ಕಿವಿಗೆ ಒಂದೇ. ಆಗ ಪಾಠವನ್ನು ಕನ್ನಡಕ್ಕೆ, ಅದರಲ್ಲೂ ಮಕ್ಕಳ ಮೈಗೆ ತಂದೆ. ‘ಇದರಿಂದ ಪರೀಕ್ಷೆ ಪಾಸಾಗುವುದಿಲ್ಲ’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಮುಖಕ್ಕೇ ಹೇಳಿದರು.

ಅಂಗೈ ಮುಂದೆ ಮಾಡಿ ನಿಲ್ಲುವುದನ್ನೇ ಮೊದಲ ವಾರವಿಡೀ ಮಾಡಿಸಿದೆ. ಆ ನಿಲುವು ಮೈಗೆ ಹತ್ತದಿದ್ದರೆ ಹೆಬ್ಬೆರಳು ಹೊರಬದಿ, ಕಿರುಬೆರಳು ಒಳಬದಿ ಎಂಬುದು ಎಂದಿಗೂ ನಿಲ್ಲುವುದಿಲ್ಲ. ಬಾಗಿಲಿನಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು ಅದರ ಹಿಂದೆ ಒಬ್ಬೊಬ್ಬರನ್ನೂ ನಿಲ್ಲಿಸಿದೆ. ದಾರವೇ ಮೈಯ ನಡುಗೆರೆ: ಕೈಕಾಲು ದಾರದಿಂದ ದೂರ ಹೋದರೆ ಅಬ್ಡಕ್ಷನ್, ದಾರದತ್ತ ಬಂದರೆ ಅಡಕ್ಷನ್. ಕೈಬೆರಳುಗಳಿಗೆ ಬಂದಾಗ ನಡುಗೆರೆಯ ದಾರ ನಡುಬೆರಳಿಗೆ, ಕಾಲಿನಲ್ಲಿ ಎರಡನೆಯ ಬೆರಳಿಗೆ. ಕಾಲಿನ ಗಿಣ್ಣಿನ ಪಾಠಕ್ಕೆ ತೋಟವೇ ಸಾಕು: ಏರಿಗೆ ಮುಖ ಮಾಡಿ ನಿಂತಾಗ ಪಾದ ಮೇಲಕ್ಕೆ ಬಾಗುವ ಡಾರ್ಸಿಫ್ಲೆಕ್ಷನ್, ಇಳಿಜಾರಿಗೆ ತಿರುಗಿದಾಗ ಪಾದ ಕೆಳಕ್ಕೆ ಬಾಗುವ ಪ್ಲಾಂಟರ್‌ಫ್ಲೆಕ್ಷನ್.

ಮುಂದೋಳು ಮಾತ್ರ ಸತಾಯಿಸಿತು. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಆರಂಭವಾದಾಗಿನಿಂದ ಇಲ್ಲಿ ಸ್ಟಿಕ್ ಹಿಡಿಯದ ಮನೆ ಅಪರೂಪ. ಹಾಗಾಗಿ ಸ್ಟಿಕ್ಕನ್ನು ತಿರುವಿ ಹೊಡೆಯುವ ರಿವರ್ಸ್ ಸ್ಟಿಕ್ ಹೊಡೆತದಲ್ಲಿ ಎಡಗೈ ತಿರುಗುವುದನ್ನು ತೋರಿಸಲು ಎರಡು ತಿಂಗಳು ಒದ್ದಾಡಿದೆ. ಮಣಿಕಟ್ಟಿನ ಚಲನೆಯೂ ಅದರೊಳಗೆ ಬೆರೆತುಹೋಗುತ್ತದೆ. ಮಕ್ಕಳಿಗೆ ಆಟ ಸಿಕ್ಕಿತು, ಪದ ಸಿಗಲಿಲ್ಲ. ಹುಡುಗಿಯೊಬ್ಬಳು ತಲಕಾವೇರಿಯಿಂದ ಬಂದ ದಿನ ಅದು ಬಗೆಹರಿಯಿತು. ಮೊಣಕೈಯನ್ನು ಪಕ್ಕೆಗೆ ಒತ್ತಿ, ತೀರ್ಥಕ್ಕೆ ಒಡ್ಡಿದಂತೆ ಅಂಗೈ ಮೇಲೆ ಮಾಡಿದಳು: ಸೂಪಿನೇಶನ್. ಹಾಗೇ ತಿರುವಿ ಅಕ್ಕಿ ರೊಟ್ಟಿ ತಟ್ಟುವಂತೆ ಅಂಗೈ ಕೆಳಗೆ ಮಾಡಿಸಿದೆ: ಪ್ರೊನೇಶನ್. ಮೊಣಕೈ ಪಕ್ಕೆ ಬಿಟ್ಟರೆ ಭುಜ ತಿರುಗಿ ಮೋಸ ಮಾಡುತ್ತದೆ, ಅದಕ್ಕೆ ಅವಕಾಶ ಕೊಡಬೇಡಿ.

ಮೂಳೆ ತೋರಿಸಲು ಎರಡು ಬಿದಿರಿನ ದಬ್ಬೆ ಸೀಳಿದೆ. ಮೊಣಕೈ ಕಡೆ ಅಗಲವಾದದ್ದು ಅಲ್ನಾ, ಮಣಿಕಟ್ಟಿನ ಕಡೆ ಅಗಲವಾದದ್ದು ರೇಡಿಯಸ್. ಎರಡೂ ತುದಿಗೆ ಸೈಕಲ್ ಟ್ಯೂಬಿನ ಉಂಗುರ, ರೇಡಿಯಸ್ಸಿನ ಕೆಳತುದಿಗೆ ಹೆಬ್ಬೆರಳಿನ ಗುರುತಾಗಿ ಕೆಂಪು ದಾರ. ಕೆಂಪು ದಾರ ಒಳಗೆ ಹೊರಳಿದಂತೆ ಒಂದು ದಬ್ಬೆ ಇನ್ನೊಂದನ್ನು ಕತ್ತರಿಯಂತೆ ದಾಟುತ್ತದೆ. ಖರ್ಚು ಹೆಚ್ಚೆಂದರೆ ನೂರೈವತ್ತು ರೂಪಾಯಿ. ಹದಿನೆಂಟು ಸಾವಿರ ಮಾಡದ ಕೆಲಸವನ್ನು ಇದು ಮಾಡಿತು!

ಕಳೆದ ಸಲ ಅಷ್ಟೇ ಜನರಲ್ಲಿ ಹದಿನೆಂಟೋ ಹತ್ತೊಂಬತ್ತೋ ಮಂದಿ ತಡವರಿಸದೆ ಉತ್ತರಿಸಿದರು, ಅದೂ ಇಂಗ್ಲಿಷ್ ಪದಗಳಲ್ಲೇ. ಅನುಮಾನಪಟ್ಟಿದ್ದ ಹಿರಿಯರು ಒಂದು ಜೊತೆ ದಬ್ಬೆ ಕೇಳಿ ಪಡೆದರು. ಮಾಡಿಕೊಳ್ಳುವವರು ಒಣಗಿದ ಬಿದಿರನ್ನೇ ಆರಿಸಿ. ಹಸಿಯದನ್ನು ಸೀಳಿ ಮಾಡಿದ ನನ್ನ ಮೊದಲ ಜೊತೆ ತಿಂಗಳೊಳಗೆ ಸೊಟ್ಟಗಾಯಿತು.